ಭಾನುವಾರದ ತೆರೆದ ಬಾಗಿಲು

ಮನೆಯ ಯಜಮಾನನನ್ನು ಹೊರಕ್ಕೆ ಕಳುಹಿಸಿ ಊರಿನವರನ್ನೆಲ್ಲ ಒಳಕ್ಕೆ ಕರೆಯುವ ವಾಡಿಕೆಯೊಂದು ಅಮೆರಿಕದಲ್ಲಿದೆ. ಅದಕ್ಕೆ ‘ಓಪನ್ ಹೌಸ್’ ಎಂದು ಹೆಸರು. ಮನೆ ಮಾರಾಟಕ್ಕಿರುವಾಗ ಶನಿವಾರ, ಭಾನುವಾರಗಳ ಮಧ್ಯಾಹ್ನ ಎರಡು ಮೂರು ಗಂಟೆಗಳ ಕಾಲ ಬಾಗಿಲನ್ನು ತೆರೆದಿಡುತ್ತಾರೆ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಒಳಗೆ ಬಂದು, ಮಲಗುವ ಕೋಣೆಯ ಬೀರುವಿನಿಂದ ಬಚ್ಚಲಿನ ನಲ್ಲಿಯವರೆಗೆ ಎಲ್ಲವನ್ನೂ ನೋಡಿಕೊಂಡು ಹೋಗಬಹುದು. ಕೊಳ್ಳುವ ಇಚ್ಛೆ ಇರಬೇಕೆಂಬ ನಿಯಮವಿಲ್ಲ. ಕೊಳ್ಳುವ ಶಕ್ತಿ ಉಂಟೇ ಎಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿರುವ ನನ್ನಂಥವನೂ ಇಪ್ಪತ್ತು ಲಕ್ಷ ಡಾಲರಿಗೆ ಮೇಲ್ಪಟ್ಟ ಮನೆಯಲ್ಲಿ ನಿಶ್ಚಿಂತೆಯಾಗಿ ಅಡ್ಡಾಡಿ ಬರಬಹುದು. ನಾನು ಅಡ್ಡಾಡಿದೆನು. ಆದರೆ ಆ ಮನೆ ನನ್ನ ಅಕ್ಕನದಾಗಿದ್ದುದರಿಂದ ನಿಶ್ಚಿಂತೆಯೊಂದು ಮಾತ್ರ ಇರಲಿಲ್ಲ.

2025ರ ಮೇ ತಿಂಗಳು. ಪರೀಕ್ಷೆಯ ಉತ್ತರಪತ್ರಿಕೆಗಳ ಹೊರೆಯನ್ನು ಇಳಿಸಿ, ಕ್ಯಾಲಿಫೋರ್ನಿಯದ ಸನ್ನಿವೇಲ್ ಎಂಬ ಊರಿಗೆ ಹೋಗಿದ್ದೆನು. ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ ನಲವತ್ತು ಮೈಲಿಯಷ್ಟು ದೂರ. ಇಂದು ಗಣಕಯಂತ್ರದ ಕಂಪೆನಿಗಳಿಗೆ ಹೆಸರಾದ ಈ ಕಣಿವೆ ಒಂದಾನೊಂದು ಕಾಲಕ್ಕೆ ಹಣ್ಣಿನ ತೋಪುಗಳ ನಾಡಾಗಿತ್ತು. ಆ ದಿನಗಳ ನೆನಪಿಗೆಂದು ಊರಿನವರು ಏಪ್ರಿಕಾಟ್ ತೋಟವೊಂದನ್ನು ಇನ್ನೂ ಉಳಿಸಿಕೊಂಡಿದ್ದಾರೆ. ಅಕ್ಕ ನನಗಿಂತ ಹದಿನಾಲ್ಕು ವರ್ಷ ಹಿರಿಯಳು. ಅವಳೂ ಭಾವನೂ ಈ ಊರಿನಲ್ಲಿ ಮನೆ ಕೊಂಡದ್ದು 2004ರಲ್ಲಿ. ಹಿಂದಿನ ವರ್ಷ ಭಾವನ ಕೆಲಸ ಹೋಗಿತ್ತು. ಐವತ್ತೆಂಟನೆಯ ವಯಸ್ಸಿನಲ್ಲಿ ಹೊಸ ಕೆಲಸ ಸುಲಭವಾಗಿ ಸಿಕ್ಕುವುದಿಲ್ಲ. ಮನೆಯ ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತದೆ. ಮನೆಯನ್ನು ಮಾರಿ, ಸಾಲ ತೀರಿಸಿ, ಮಗಳಿರುವ ಸ್ಯಾಕ್ರಮೆಂಟೊ ಪಟ್ಟಣದ ಹತ್ತಿರ ಚಿಕ್ಕದೊಂದು ಮನೆಯಲ್ಲಿ ನೆಲೆಸುವುದೆಂದು ಇಬ್ಬರೂ ನಿಶ್ಚಯಿಸಿದ್ದರು. ನಾನು ಹೋದದ್ದು ಪ್ರವಾಸಕ್ಕೆಂದು. ಸಿಕ್ಕಿಕೊಂಡದ್ದು ಮನೆ ಮಾರುವ ಗಡಿಬಿಡಿಯಲ್ಲಿ.

ಮೊದಲು ಆ ಮನೆಯ ಮಾತು. ಬೀದಿಯಿಂದ ನೋಡಿದರೆ ಅದು ಮನೆಯೆಂದೇ ತೋರದು. ಚಪ್ಪಟೆಯ ಸೂರು, ಕಿಟಕಿಯಿಲ್ಲದ ಮರದ ಗೋಡೆ, ಪಕ್ಕದಲ್ಲಿ ಕಾರು ನಿಲ್ಲಿಸುವ ಕೊಠಡಿಯ ಬಾಗಿಲು. ಆದರೆ ಮುಂಬಾಗಿಲನ್ನು ದಾಟಿದರೆ ಸೋಜಿಗ! ನೀವು ನಿಂತಿರುವುದು ಮನೆಯ ನಡುವೆಯಾದರೂ ತಲೆಯ ಮೇಲಿರುವುದು ನೀಲಿಯ ಆಕಾಶ. ಸುತ್ತಲೂ ಗಾಜಿನ ಗೋಡೆಗಳು. ಅವುಗಳ ಆಚೆಗೆ ಹಜಾರ, ಊಟದ ಮನೆ, ಕೋಣೆಗಳು. “ಇದು ನಮ್ಮ ತೊಟ್ಟಿಯಲ್ಲವೇ ಅಕ್ಕ?” ಎಂದೆನು. “ಅದಕ್ಕೇ ಕಣೋ, ಆವತ್ತು ನೂರೆಂಟು ಮನೆ ನೋಡಿ ಬಿಟ್ಟು ಇದನ್ನು ಹಿಡಿದದ್ದು” ಎಂದಳು ಅಕ್ಕ. ಮೈಸೂರಿನ ಅಗ್ರಹಾರದ ನಮ್ಮ ಅಜ್ಜನ ಮನೆಯ ತೊಟ್ಟಿಯಲ್ಲಿ ತುಳಸಿಯಿತ್ತು. ಇಲ್ಲಿ ಕರಿಬೇವಿನ ಗಿಡವಿತ್ತು. ಇಪ್ಪತ್ತು ವರ್ಷಗಳಿಂದ ಅಕ್ಕ ಸಾಕಿದ ಗಿಡ. ನನ್ನ ಎತ್ತರವನ್ನು ಮೀರಿತ್ತು.

ಈ ಬಗೆಯ ಮನೆಗಳನ್ನು ಕಟ್ಟಿಸಿದವನು ಜೋಸೆಫ್ ಐಕ್ಲರ್ ಎಂಬಾತ. ಆತ ವಾಸ್ತುಶಿಲ್ಪಿಯಲ್ಲ, ವ್ಯಾಪಾರಿ. ಫ್ರಾಂಕ್ ಲಾಯ್ಡ್ ರೈಟ್ ಎಂಬ ಹೆಸರಾಂತ ಶಿಲ್ಪಿ ರಚಿಸಿದ ಮನೆಯೊಂದರಲ್ಲಿ ಕೆಲಕಾಲ ಬಾಡಿಗೆಗಿದ್ದು, ಅದರ ಬೆಳಕಿಗೆ ಮನಸೋತು, ಅಂಥ ಮನೆಗಳು ಸಾಮಾನ್ಯ ಸಂಸಾರಗಳಿಗೂ ಏಕೆ ದೊರೆಯಬಾರದೆಂದು ಯೋಚಿಸಿದವನು. ಎರಡನೆಯ ಮಹಾಯುದ್ಧದ ನಂತರದ ಎರಡು ದಶಕಗಳಲ್ಲಿ ಕ್ಯಾಲಿಫೋರ್ನಿಯದಲ್ಲಿ ಸುಮಾರು ಹನ್ನೊಂದು ಸಾವಿರ ಮನೆಗಳನ್ನು ಕಟ್ಟಿಸಿದನು. ನೆಲದ ಕಾಂಕ್ರೀಟಿನೊಳಗೆ ಕೊಳವೆಗಳನ್ನು ಹುದುಗಿಸಿ, ಬಿಸಿನೀರು ಹರಿಸಿ, ಚಳಿಗಾಲದಲ್ಲಿ ಪಾದಗಳಿಗೆ ಹಿತವಾಗುವಂತೆ ಮಾಡಿದ್ದನು. ತೊಟ್ಟಿಯ ಮಾದರಿ ಬಂದದ್ದು 1950ರ ದಶಕದ ಕೊನೆಯಲ್ಲಿ.

ಇಂಥ ಮನೆಗೆ ಓಪನ್ ಹೌಸ್ ಬೇಕೇ ಬೇಡವೇ ಎಂಬುದೇ ಅಕ್ಕನ ಮನೆಯಲ್ಲಿ ಎದ್ದ ವಾದ. ಮಾರಾಟಕ್ಕೆ ಗೊತ್ತು ಮಾಡಿದ್ದ ಏಜೆಂಟು ಐವತ್ತರ ಹೆಂಗಸು, ಮಾತಿನಲ್ಲಿ ಚುರುಕು. “ಎರಡು ದಿನ ಬಾಗಿಲು ತೆರೆಯೋಣ, ಜನ ಬರಲಿ” ಎಂದಳು. ಭಾವನದು ಎಂಜಿನಿಯರನ ಬುದ್ಧಿ. ಲೆಕ್ಕವಿಲ್ಲದೆ ಯಾವುದನ್ನೂ ಒಪ್ಪುವುದಿಲ್ಲ.

“ಇದರಿಂದ ಲಾಭ ನಮಗಲ್ಲ, ಅವಳಿಗೆ” ಎಂದರು ಭಾವ, ಆಕೆ ಹೋದ ಮೇಲೆ. “ಏಜೆಂಟು ಇಲ್ಲದೆ ಮನೆ ಹುಡುಕುವವರು ಎಷ್ಟೋ ಜನ ಬರುತ್ತಾರೆ. ಪುಸ್ತಕದಲ್ಲಿ ಹೆಸರು, ಫೋನ್ ನಂಬರು ಬರೆದು ಹೋಗುತ್ತಾರೆ. ನಮ್ಮ ಮನೆ ಕೊಳ್ಳದಿದ್ದರೂ ನಾಳೆ ಬೇರೆ ಮನೆ ಕೊಳ್ಳಲು ಅವರೆಲ್ಲ ಅವಳ ಗಿರಾಕಿಗಳು. ನಮ್ಮ ಮನೆ ಅವಳ ಅಂಗಡಿಯ ಕಿಟಕಿ.”

ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆ ದೇಶದಲ್ಲಿ ಮಾರುವವನಿಗೊಬ್ಬ ಏಜೆಂಟು, ಕೊಳ್ಳುವವನಿಗೊಬ್ಬ ಏಜೆಂಟು. ಬೆಲೆಯ ಮೇಲೆ ನೂರಕ್ಕೆ ಐದಾರರಷ್ಟು ಕಮಿಷನ್ನು ಅವರಿಬ್ಬರೂ ಹಂಚಿಕೊಳ್ಳುವುದು ಬಹುಕಾಲದ ಪದ್ಧತಿ. ಇದನ್ನು ಕುರಿತು ವ್ಯಾಜ್ಯ ನಡೆದು, 2024ರ ಆಗಸ್ಟ್ ತಿಂಗಳಿನಿಂದ ಹೊಸ ನಿಯಮ ಬಂದಿದೆ. ಕೊಳ್ಳುವವನು ತನ್ನ ಏಜೆಂಟಿನೊಡನೆ ಮನೆ ನೋಡಲು ಹೋಗುವ ಮುನ್ನ, ಆತನಿಗೆ ಸಲ್ಲಬೇಕಾದುದೆಷ್ಟು ಎಂಬುದನ್ನು ಬರೆದ ಕರಾರಿಗೆ ಸಹಿ ಹಾಕಬೇಕು. ಆದರೆ ಓಪನ್ ಹೌಸಿಗೆ ತಾನಾಗಿಯೇ ಬರುವವನು ಇಂಥ ಕರಾರು ಮಾಡಿಕೊಳ್ಳಬೇಕಾಗಿಲ್ಲ. ಆದುದರಿಂದ ಯಾರಿಗೂ ಕಟ್ಟುಬೀಳದೆ ಮನೆಯೊಂದನ್ನು ಕಣ್ಣಾರೆ ಕಾಣಬಯಸುವವನಿಗೆ ಈಗ ಭಾನುವಾರದ ತೆರೆದ ಬಾಗಿಲೇ ಸುಲಭದ ದಾರಿ. ಅಂಥವನಿಗಾಗಿ ಅಲ್ಲಿ ಕಾದಿರುವ ಏಜೆಂಟಿಗೂ ಅದು ಒಳ್ಳೆಯ ದಾರಿಯೇ.

ಭಾವ ಇನ್ನೊಂದು ಬಾಣವನ್ನೂ ಬಿಟ್ಟರು. “2020ರ ವಸಂತದಲ್ಲಿ ಕೋವಿಡ್ಡಿಗೆ ಹೆದರಿ ಓಪನ್ ಹೌಸುಗಳನ್ನೆಲ್ಲ ನಿಲ್ಲಿಸಿದ್ದರು. ಮನೆಗಳ ಮಾರಾಟ ನಿಂತು ಹೋಯಿತೆ? ಮೊದಲೊಂದೆರಡು ತಿಂಗಳು ಎಲ್ಲವೂ ಸ್ತಬ್ಧವಾಗಿತ್ತು, ನಿಜ. ಆಮೇಲೆ ವೀಡಿಯೋದಲ್ಲಿ ನೋಡಿ, ಒಬ್ಬೊಬ್ಬರಾಗಿ ಹೊತ್ತು ಗೊತ್ತುಮಾಡಿಕೊಂಡು ಬಂದು, ಹಿಂದೆಂದೂ ಇಲ್ಲದ ಬೆಲೆಗೆ ಕೊಂಡರು. ತೆರೆದ ಬಾಗಿಲೇ ಮನೆಯನ್ನು ಮಾರುವುದಾಗಿದ್ದರೆ ಆ ವರ್ಷ ಒಂದು ಮನೆಯೂ ಹೋಗಬಾರದಿತ್ತು.”

ತೆರೆದಿಟ್ಟ ಮನೆಗಳು ಬೇಗ ಮಾರಾಟವಾದುವೆಂದು ತೋರಿಸುವ ಲೆಕ್ಕಗಳೂ ಉಂಟೆಂದು ಏಜೆಂಟು ಮರುದಿನ ಹೇಳಿದಳು. ಭಾವ ನಕ್ಕರು. ಚೆಲುವಾದ ಮನೆಯನ್ನೇ ತಾನೆ ಏಜೆಂಟುಗಳು ಉತ್ಸಾಹದಿಂದ ತೆರೆದಿಡುವುದು? ಚೆಲುವಾದ ಮನೆ ಹೇಗಿದ್ದರೂ ಬೇಗ ಹೋಗುತ್ತದೆ. ಜಾಣ ಹುಡುಗರೇ ಟ್ಯೂಷನ್ನಿಗೆ ಸೇರಿ ರ್‍ಯಾಂಕು ಪಡೆದರೆ ಕೀರ್ತಿ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ನಮ್ಮ ಊರಿನಲ್ಲಿಯೂ ಉಂಟಷ್ಟೆ.

ಕೊನೆಗೆ ತೀರ್ಪಿತ್ತವಳು ಅಕ್ಕ. “ನಾವೂ ಈ ಮನೆಯನ್ನು ಮೊದಲು ಕಂಡದ್ದು ಭಾನುವಾರವೇ ಅಲ್ಲವೇ? ತೆರೆಯಲಿ ಬಿಡಿ” ಎಂದಳು.

ತೆರೆಯುವುದೆಂದರೆ ಬರಿಯ ಅಗುಳಿ ತೆಗೆಯುವುದಲ್ಲವೆಂಬುದು ಆ ಮೇಲೆ ತಿಳಿಯಿತು. ಮನೆಯವರ ಗುರುತೇ ಇಲ್ಲದಂತೆ ಮನೆಯನ್ನು ಸಿಂಗರಿಸಬೇಕು. ಬಂದವನು ಅಲ್ಲಿ ತನ್ನನ್ನು ಕಲ್ಪಿಸಿಕೊಳ್ಳಬೇಕೇ ಹೊರತು ನಿಮ್ಮನ್ನು ಕಾಣಬಾರದೆಂಬುದು ಅವರ ಶಾಸ್ತ್ರ. ಮಗಳ ಪದವಿಯ ಚಿತ್ರ, ಮದುವೆಯ ಚಿತ್ರ, ಅಮ್ಮನ ಚಿತ್ರ ಎಲ್ಲವೂ ಪೆಟ್ಟಿಗೆ ಸೇರಿದುವು. ದೇವರ ಗೂಡಿನಿಂದ ದೇವರುಗಳು ಇಳಿದು ಸ್ನೇಹಿತರ ಮನೆಗೆ ಪ್ರಯಾಣ ಬೆಳೆಸಿದರು. ಬರಿದಾದ ಗೂಡಿನಲ್ಲಿ ಒಂದು ಬಿಳಿಯ ಹೂದಾನಿ ಬಂದು ಕುಳಿತಿತು. ಹೊಸ್ತಿಲ ಮುಂದಿನ ಬಣ್ಣದ ರಂಗೋಲಿಯನ್ನು ಉಜ್ಜಿ ತೆಗೆದರು. ಒಡವೆಗಳ ಜೊತೆಗೆ ಔಷಧಿಗಳನ್ನೂ ಬೀಗದೊಳಗಿಡಬೇಕೆಂದು ಏಜೆಂಟು ಎಚ್ಚರಿಸಿದಳು. ನೋಡಲು ಬಂದವರು ಮಾತ್ರೆಗಳನ್ನು ಕದ್ದೊಯ್ದ ಪ್ರಸಂಗಗಳು ಉಂಟಂತೆ. ಬಾಡಿಗೆಯ ಸೋಫಾಗಳು, ಯಾರೂ ಮಲಗದ ಹಾಸಿಗೆಗಳು ಲಾರಿಯಲ್ಲಿ ಬಂದುವು. ಎಲ್ಲಕ್ಕಿಂತ ದೊಡ್ಡ ಆಜ್ಞೆ ಅಡಿಗೆಮನೆಯದು: ಒಂದು ವಾರ ಒಗ್ಗರಣೆ ಹಾಕಕೂಡದು! ನಾವು ಮೂವರೂ ನನ್ನ ಪೆಟ್ಟಿಗೆಯೊಡನೆ ಕ್ಯುಪರ್ಟಿನೊದ ಸ್ನೇಹಿತರ ಮನೆಗೆ ಬಿಡಾರ ಬದಲಾಯಿಸಿದೆವು.

ನಮ್ಮಲ್ಲಿ ಮನೆ ನೋಡಲು ಬರುವವರ ಸಂಭ್ರಮವೇ ಬೇರೆ. ದಲ್ಲಾಳಿ ಮುಂದೆ, ಹಿರಿಯರು ಹಿಂದೆ. ಮನೆಯವರು ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ಬಾವಿಯ ನೀರಿನ ಸಿಹಿಯನ್ನು ಹೊಗಳುತ್ತಾರೆ. ಕೊಳ್ಳುವವರು ಮನೆಯ ಬಾಗಿಲು ಯಾವ ದಿಕ್ಕಿಗಿದೆಯೆಂದು ನೋಡುವುದರ ಜೊತೆಗೆ, ಮಾರುವವರ ಮುಖವನ್ನೂ ನೋಡುತ್ತಾರೆ. ಅಮೆರಿಕದಲ್ಲಿ ಮಾರುವವರ ಮುಖ ಕಾಣಕೂಡದು. ಅದರ ಬದಲಿಗೆ ಕಾಗದಗಳು ಮಾತನಾಡುತ್ತವೆ. ಸೂರು ಎಂದು ಸೋರಿತ್ತು, ಗೆದ್ದಲು ಎಲ್ಲಿ ಹತ್ತಿತ್ತು ಎಂಬುದನ್ನೆಲ್ಲ ಕ್ಯಾಲಿಫೋರ್ನಿಯದಲ್ಲಿ ಮಾರುವವನು ತಾನೇ ಬರೆದು ಕೊಡಬೇಕು. ಅಕ್ಕ 2017ರ ಮಳೆಗಾಲದಲ್ಲಿ ಹಜಾರದ ಸೂರು ಸೋರಿದ್ದನ್ನು ಬರೆದು ಸಹಿ ಹಾಕಿದ್ದಳು. ಬಾವಿಯ ನೀರನ್ನು ಹೊಗಳುವುದಕ್ಕಿಂತ ಇದು ಪ್ರಾಮಾಣಿಕವೆಂದು ನನಗೆ ತೋರಿತು.

ಭಾನುವಾರ ಒಂದೂವರೆ ಗಂಟೆಗೆ ಸರಿಯಾಗಿ ಬೀದಿಯ ಮೂಲೆಗಳಲ್ಲಿ ಬಾಣದ ಗುರುತಿನ ಹಲಗೆಗಳು ನಿಂತುವು. ಅಕ್ಕನಿಗೆ ಅತ್ತ ಸುಳಿಯಲು ಅಪ್ಪಣೆಯಿಲ್ಲ. “ನಿನ್ನನ್ನು ಈ ಬೀದಿಯಲ್ಲಿ ಯಾರೂ ಅರಿಯರು, ನೀನು ಹೋಗಿ ನೋಡಿ ಬಾರೋ” ಎಂದು ನನ್ನನ್ನು ಕಳುಹಿಸಿದಳು. ಏಜೆಂಟಿಗೆ ಮೊದಲೇ ತಿಳಿಸಿದ್ದೆವು. ಆಕೆ ನಕ್ಕು, ಮಾತನಾಡದೆ ನೋಡುವುದಾದರೆ ಅಡ್ಡಿಯಿಲ್ಲವೆಂದಿದ್ದಳು. ಬಾಗಿಲಲ್ಲಿ ಬೂಟಿನ ಮೇಲೆ ತೊಡುವ ನೀಲಿಯ ಚೀಲಗಳ ಬುಟ್ಟಿ. ಒಳಗೆ ಬಿಸಿ ಬಿಸ್ಕತ್ತಿನ ಪರಿಮಳ. ಅಕ್ಕನ ಮನೆಯಲ್ಲಿ ಹುಳಿಯ ವಾಸನೆಯಿಲ್ಲದ ಭಾನುವಾರವನ್ನು ನಾನು ಕಂಡದ್ದು ಅದೇ ಮೊದಲು.

ಜನ ಬಂದರು. ಮೊದಲು ಬಂದವರು ಪಕ್ಕದ ಬೀದಿಯ ವೃದ್ಧ ದಂಪತಿಗಳು. ಅವರದೂ ಇದೇ ಮಾದರಿಯ ಮನೆಯಂತೆ. ನಿಮ್ಮ ಅಡಿಗೆಮನೆಗಿಂತ ನಮ್ಮದು ವಾಸಿಯೆಂಬ ತೃಪ್ತಿಯನ್ನು ಹೊತ್ತು, ಬಿಸ್ಕತ್ತು ತಿಂದು ಹೋದರು. ಅನಂತರ ಬಂದ ತರುಣನೊಬ್ಬ ತನ್ನ ಮನೆಯನ್ನು ದುರಸ್ತಿ ಮಾಡಿಸುವವನು. ದೀಪಗಳ ಚಿತ್ರ ತೆಗೆದುಕೊಂಡನು. ಮಗುವನ್ನು ಎತ್ತಿಕೊಂಡ ಚೀನೀ ದಂಪತಿಗಳು ಶಾಲೆಯ ವಿಷಯ ಕೇಳಿದರು. ಒಬ್ಬಾತ ಚಪ್ಪಟೆ ಸೂರನ್ನು ನೋಡಿ “ಮಳೆಗಾಲದಲ್ಲಿ ಇದು ಈಜುಕೊಳ” ಎಂದನು. ಇನ್ನೊಬ್ಬಾಕೆ “ಇಷ್ಟು ಗಾಜು! ಒರೆಸುವವರಾರು?” ಎಂದಳು. ಇಪ್ಪತ್ತು ವರ್ಷ ಒರೆಸಿದವಳು ನನ್ನ ಅಕ್ಕ ಎಂದು ಕೂಗಿ ಹೇಳಬೇಕೆನ್ನಿಸಿತು. ಏಜೆಂಟಿಗೆ ಕೊಟ್ಟ ಮಾತು ನೆನಪಾಗಿ ಬಾಯಿ ಮುಚ್ಚಿಕೊಂಡೆನು.

ಹಾಗೆ ಮೂಲೆಯಲ್ಲಿ ನಿಂತು ನೋಡುತ್ತಿರುವಾಗ ಇನ್ನೊಂದು ವಿಚಾರ ಮನಸ್ಸಿಗೆ ಬಂದಿತು. ಈ ಬಾಗಿಲು ಎಲ್ಲರಿಗೂ ತೆರೆದದ್ದು ಬಹಳ ಹಿಂದಿನ ಮಾತಲ್ಲ. ಏಷ್ಯದಿಂದ ಬಂದವರು ಭೂಮಿ ಕೊಳ್ಳದಂತೆ ಕ್ಯಾಲಿಫೋರ್ನಿಯ 1913ರಲ್ಲಿ ಕಾನೂನು ಮಾಡಿತ್ತು. ಪಂಜಾಬಿನಿಂದ ಹೋಗಿ ಹೊಲ ಗೇಯುತ್ತಿದ್ದ ನಮ್ಮವರೂ ಅದಕ್ಕೆ ಸಿಕ್ಕಿ ನರಳಿದರು. ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ರದ್ದುಗೊಳಿಸಿದ್ದು 1952ರಲ್ಲಿ. ಬಣ್ಣ, ಜಾತಿ, ಮತಗಳನ್ನು ನೋಡಿ ಮನೆ ಮಾರಲು ನಿರಾಕರಿಸಕೂಡದೆಂದು ಇಡೀ ದೇಶಕ್ಕೆ ಕಾನೂನಾದದ್ದು 1968ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ, 1958ರಲ್ಲಿ, ಈ ಮನೆ ಕಟ್ಟಿಸಿದ ಐಕ್ಲರ್, ಭೇದವಿಲ್ಲದೆ ಮಾರುವ ನೀತಿಯನ್ನು ಒಪ್ಪದ ಕಟ್ಟಡಗಾರರ ರಾಷ್ಟ್ರೀಯ ಸಂಘಕ್ಕೆ ರಾಜೀನಾಮೆಯಿತ್ತು ಹೊರಬಂದಿದ್ದನು. ಕರಿಯರು, ಬಿಳಿಯರು, ಚೀನೀಯರು, ಭಾರತೀಯರು ಒಂದೇ ಬುಟ್ಟಿಯ ನೀಲಿ ಚೀಲಗಳನ್ನು ತೊಟ್ಟು ಆತನ ತೊಟ್ಟಿಯಲ್ಲಿ ನಿಂತದ್ದನ್ನು ನೋಡಿದಾಗ, ಓಪನ್ ಹೌಸ್ ಬರಿಯ ವ್ಯಾಪಾರದ ತಂತ್ರವೆಂದು ತಳ್ಳಿಹಾಕಲು ಮನಸ್ಸು ಬಾರಲಿಲ್ಲ. ಯಾರ ಪರಿಚಯವೂ ಇಲ್ಲದವನು ಹಂಗಿಲ್ಲದೆ ಒಳಗೆ ಬರಬಲ್ಲನೆಂಬುದೂ ಒಂದು ಬೆಲೆಯುಳ್ಳ ಸಂಗತಿಯೇ.

ಮೂರು ಗಂಟೆಯ ಹೊತ್ತಿಗೆ ಗುಂಪು ಹೆಚ್ಚಿತು. ಆಗ ತರುಣ ದಂಪತಿಗಳಿಬ್ಬರು, ಜೊತೆಗೊಬ್ಬ ಹಿರಿಯರು ಬಂದರು. ಮಾತು ತೆಲುಗು. ಹುಡುಗ ಹುಡುಗಿಯರು ಕೋಣೆಗಳ ಕಡೆಗೆ ಹೋಗಲಿಲ್ಲ. ಅವನ್ನೆಲ್ಲ ಮೊದಲೇ ನೋಡಿದ್ದವರಂತೆ ಹಿರಿಯರಿಗೆ ತೋರಿಸುತ್ತಿದ್ದರು. ಹಿರಿಯರು ತೊಟ್ಟಿಯಲ್ಲಿಯೇ ನಿಂತರು. ಸುತ್ತ ನೋಡಿದರು. ಕರಿಬೇವಿನ ಒಂದು ಎಲೆಯನ್ನು ಚಿವುಟಿ, ಬೆರಳಲ್ಲಿ ತಿಕ್ಕಿ, ಮೂಗಿನ ಬಳಿ ಹಿಡಿದುಕೊಂಡರು. ಅಷ್ಟರಲ್ಲಿ ಮತ್ತೊಂದು ಸಂಸಾರ ಒಳಗೆ ಬಂದಿತು. ಹುಡುಗಿ ಆ ಗುಂಪನ್ನು ನೋಡಿದಳು, ಗಂಡನ ಮುಖವನ್ನು ನೋಡಿದಳು. ನಮ್ಮ ಕಣ್ಣಿಗೆ ಬಿದ್ದ ಸೀರೆಯನ್ನೇ ಪಕ್ಕದ ಗಿರಾಕಿ ಕೈಗೆತ್ತಿಕೊಂಡಾಗ ಹೆಂಗಸರ ಮುಖದಲ್ಲಿ ಮೂಡುವ ಭಾವ ಅದು!

ಎರಡು ದಿನಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಬಂದು ಹೋದರೆಂದು ಏಜೆಂಟು ಲೆಕ್ಕ ಒಪ್ಪಿಸಿದಳು. ಕೊಳ್ಳುವವರು ಬೆಲೆ ಬರೆದು ಕಳುಹಿಸಲು ಬುಧವಾರದ ಗಡುವು. ಆ ಮೂರು ದಿನ ಭಾವ ಮಾತಿಗೆ ಸಿಕ್ಕಲಿಲ್ಲ. ಸ್ನೇಹಿತರ ಹಿತ್ತಲಿನಲ್ಲಿ ಒಬ್ಬರೇ ನಡೆದಾಡುತ್ತಿದ್ದರು. ಒಬ್ಬರೂ ಬರೆಯದೆ ಹೋದರೆ? ಬೆಲೆ ಇಳಿಸಬೇಕು, ಬಾಡಿಗೆಯ ಸೋಫಾಗಳಿಗೆ ಇನ್ನೊಂದು ತಿಂಗಳ ಹಣ ತೆರಬೇಕು, ಸಾಲದ ಕಂತು ಇನ್ನೊಮ್ಮೆ ಬರುವುದು. ಎಪ್ಪತ್ತು ಜನರ ಬಿಸ್ಕತ್ತಿನ ತೃಪ್ತಿಯಿಂದ ಬ್ಯಾಂಕಿನವರು ತೃಪ್ತರಾಗುವುದಿಲ್ಲ.

ಬುಧವಾರ ಸಂಜೆ ಮೂರು ಬೆಲೆಪತ್ರಗಳು ಬಂದುವು. ಅವುಗಳಲ್ಲಿ ಎರಡು, ಶನಿವಾರಕ್ಕಿಂತ ಮೊದಲೇ ತಮ್ಮ ಏಜೆಂಟಿನೊಡನೆ ಹೊತ್ತು ಗೊತ್ತುಮಾಡಿಕೊಂಡು ಬಂದು ನೋಡಿದವರವು. ಓಪನ್ ಹೌಸಿನಿಂದಲೇ ಬಂದದ್ದು ಒಂದೇ ಒಂದು. ಅದರ ಬೆಲೆಯೂ ಮೂರರಲ್ಲಿ ಕಡಿಮೆ. “ನಾನು ಹೇಳಲಿಲ್ಲವೇ?” ಎಂದರು ಭಾವ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪತ್ರಗಳು ಮೂರು ಎಂಬ ಸಂಗತಿಯನ್ನು ಏಜೆಂಟು ಎಲ್ಲರಿಗೂ ತಿಳಿಸಿ, ಮತ್ತೊಮ್ಮೆ ಯೋಚಿಸಿ ಕೊನೆಯ ಬೆಲೆ ಹೇಳಿರೆಂದಳು. ಮೂರನೆಯವನು ಹಿಂದೆ ಸರಿದನು. ಮೊದಲಿನವರಲ್ಲಿ ಒಬ್ಬರು ತಮ್ಮ ಬೆಲೆಯನ್ನು ಏರಿಸಿದರು. ಅವರೇ ಆ ತೆಲುಗು ದಂಪತಿಗಳು. ಗುರುವಾರವೇ ಮನೆಯನ್ನು ಕಂಡಿದ್ದವರು, ಭಾನುವಾರ ತಂದೆಯನ್ನು ಕರೆತಂದು ಮತ್ತೊಮ್ಮೆ ನೋಡಿದವರು. ಭಾವ ಹಾಕಿದ್ದ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಕೈಗೆ ಬಂದಿತು.

ಹಾಗಾದರೆ ಓಪನ್ ಹೌಸಿನಿಂದ ಮಾರುವವನಿಗೆ ಸಹಾಯವುಂಟೇ? ನಾನು ಕಂಡಷ್ಟರಿಂದ ಹೀಗೆ ಹೇಳಬಲ್ಲೆನು. ತೆರೆದ ಬಾಗಿಲು ಮನೆಯನ್ನು ತಾನಾಗಿ ಮಾರುವುದಿಲ್ಲ. ಕೊಳ್ಳಲೇಬೇಕೆಂದು ಹುಡುಕುವವನು ಚಿತ್ರಗಳಲ್ಲಿ ಮನೆಯನ್ನು ಕಂಡು ಹೇಗೂ ಬಂದೇ ಬರುತ್ತಾನೆ. ಆದರೆ ಬಂದವನ ಅರೆಮನಸ್ಸನ್ನು ಅದು ಪೂರ್ಣಗೊಳಿಸಬಲ್ಲದು. ಹಿರಿಯರನ್ನು ಕರೆತಂದು ಸಾವಕಾಶವಾಗಿ ಎರಡನೆಯ ಸಲ ನೋಡಲು ಎಡೆಗೊಡುತ್ತದೆ. ತಾನೊಬ್ಬನೇ ಅಲ್ಲವೆಂಬ ಅರಿವನ್ನು ಹುಟ್ಟಿಸುತ್ತದೆ. ಬೆಲೆ ಮಿತಿಮೀರಿದ್ದರೆ, ಮನೆ ಮೂಲೆಯ ಊರಿನಲ್ಲಿದ್ದರೆ, ನೂರು ಭಾನುವಾರ ತೆರೆದರೂ ಬರುವವರು ಬಿಸ್ಕತ್ತಿನ ನೆಂಟರೇ. ಏಜೆಂಟಿಗೆ ಲಾಭವೆಂಬ ಭಾವನ ಮಾತೂ ಸುಳ್ಳಲ್ಲ: ಆ ಪುಸ್ತಕದಲ್ಲಿ ಹೆಸರು ಬರೆದವರಲ್ಲಿ ಇಬ್ಬರು ತನ್ನ ಗಿರಾಕಿಗಳಾದರೆಂದು ಆಕೆಯೇ ನಗುನಗುತ್ತಾ ಒಪ್ಪಿಕೊಂಡಳು. ಆಕೆಗೆ ಲಾಭವಾದ ಮಾತ್ರಕ್ಕೆ ನಮಗೆ ನಷ್ಟವಾಗಬೇಕಿಲ್ಲವಷ್ಟೆ.

ಕರಾರಿಗೆ ಸಹಿಯಾದ ಸಂಜೆ ಮನೆಗೆ ಹಿಂದಿರುಗಿದೆವು. ಬಾಡಿಗೆಯ ಸೋಫಾಗಳು ಇನ್ನೂ ಹೋಗಿರಲಿಲ್ಲ. ಅವುಗಳ ಮೇಲೆ ಕುಳಿತುಕೊಳ್ಳಲು ನಮಗೇ ಸಂಕೋಚ. ಅಕ್ಕ ತೊಟ್ಟಿಗೆ ಹೋಗಿ ಗಿಡದ ಬುಡಕ್ಕೆ ನೀರು ಹನಿಸಿದಳು. ನೆಲದಲ್ಲಿ ಬೇರೂರಿದ ಗಿಡ ಮನೆಯೊಡನೆಯೇ ಮಾರಾಟವಾದಂತೆ. ಅದೂ ಅಲ್ಲದೆ, ಕಿತ್ತಳೆಯ ಗಿಡಗಳಿಗೆ ಕೇಡು ತರುವ ಕೀಟವೊಂದು ಕರಿಬೇವಿನ ಮೇಲೂ ಬದುಕುವುದರಿಂದ, ಅದನ್ನು ಊರಿಂದೂರಿಗೆ ಸಾಗಿಸುವುದಕ್ಕೆ ಆ ಸೀಮೆಯಲ್ಲಿ ಕಟ್ಟುಪಾಡುಗಳಿವೆ.

“ಕೊಂಡವರು ಇದನ್ನು ಕಿತ್ತು ಹಾಕಿಬಿಡುತ್ತಾರೋ ಏನೋ” ಎಂದಳು.

ಎಲೆ ಚಿವುಟಿ ಮೂಸಿದ ಹಿರಿಯರ ವಿಷಯವನ್ನು ಆಗ ಹೇಳಿದೆನು. ಅಕ್ಕ ಸ್ವಲ್ಪ ಹೊತ್ತು ಏನೂ ಆಡಲಿಲ್ಲ. ಅನಂತರ ಎರಡು ಎಸಳು ಕರಿಬೇವನ್ನು ಮುರಿದುಕೊಂಡು ಅಡಿಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಸಾಸಿವೆ ಸಿಡಿದ ಸದ್ದು ಕೇಳಿಸಿತು. ಇಂಗಿನ ಒಗ್ಗರಣೆಯ ಘಮ ಗಾಜಿನ ಗೋಡೆಗಳ ನಡುವೆ ತುಂಬಿಕೊಂಡಿತು. ಭಾವ ಬಾಡಿಗೆಯ ಸೋಫಾದ ಮೇಲೆ, ಎಷ್ಟೋ ದಿನಗಳ ಮೇಲೆ, ಕಾಲು ಚಾಚಿ ಕುಳಿತರು.